ಕಾಡುಬೆಂಕಿಯಿಂದ ಮನೆ, ಕೊಟ್ಟಿಗೆ ಮತ್ತು ಬಣವೆಗಳ ರಕ್ಷಣೆ

(ಬೂದಿಕೋಟೆ ಹೋಬಳಿಯ ಗ್ರಾಮ ಮುಖಂಡರ ಮತ್ತು ಹಿಡುವಳಿದಾರರ ತಿಳಿವಳಿಕೆಗಾಗಿ)

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಗ್ರಾಮ. ಇದಕ್ಕೆ ಸಂಸ್ಕೃತದಲ್ಲಿ ವಿಭೂತಿಪುರವೆಂಬ ಹೆಸರೂ ಉಂಟು. ಹೆಸರಿನೊಳಗಿನ ಬೂದಿಯು ಪವಿತ್ರವಾದದ್ದು. ಆದರೆ ಬೇಸಗೆಯಲ್ಲಿ ಬಣವೆಯಿದ್ದ ಜಾಗದಲ್ಲಿ ಉಳಿಯುವ ಬೂದಿಯಾದರೋ ರೈತನ ಆರು ತಿಂಗಳ ದುಡಿಮೆಯದು. ಒಂದು ಜೊತೆ ಎತ್ತುಗಳಿಗೆ ದಿನವೊಂದಕ್ಕೆ 12 ಕಿಲೋಗ್ರಾಂ ಒಣಹುಲ್ಲು ಬೇಕೆಂದು ಎಣಿಸಿದರೆ, ಜನವರಿಯಿಂದ ಜೂನ್ ಕಡೆಯವರೆಗೆ ಸುಮಾರು 2 ಟನ್ ಹುಲ್ಲಾಗುತ್ತದೆ. ಇಷ್ಟು ಮೇವು ಅರ್ಧ ಗಂಟೆಯಲ್ಲಿ ಸುಟ್ಟುಹೋಗಬಲ್ಲದು. ಮೇವನ್ನು ಕಳೆದುಕೊಂಡವನು ಬಿತ್ತನೆಯ ಕಾಲಕ್ಕೆ ಮುಂಚೆಯೇ ಎತ್ತುಗಳನ್ನು ಸಂತೆಗೆ ಹೊಡೆಯಬೇಕಾಗುತ್ತದೆ. ಆದುದರಿಂದ ಬೆಂಕಿಯನ್ನು ಕುರಿತ ವಿಚಾರವು ಬೇಸಾಯವನ್ನು ಕುರಿತ ವಿಚಾರವೇ ಆಗಿದೆ.

1. ಅಪಾಯದ ಕಾಲವೂ ಕಾರಣಗಳೂ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆಯ ಹೆಚ್ಚಿನ ಭಾಗವು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ಆ ಮಳೆಗೆ ಗುಡ್ಡಗಳಲ್ಲಿಯೂ ಗೋಮಾಳಗಳಲ್ಲಿಯೂ ಸೊಂಟದುದ್ದ ಬೆಳೆದ ಹುಲ್ಲು ಪುಷ್ಯಮಾಸದ ವೇಳೆಗೆ ಒಣಗಿ ನಿಲ್ಲುತ್ತದೆ. ರಾಗಿಯ ಕೊಯಿಲು, ಒಕ್ಕಣೆಗಳು ಮುಗಿದು ಊರ ಸುತ್ತಲೂ ಬಣವೆಗಳು ಏಳುವುದೂ ಅದೇ ಸಮಯದಲ್ಲಿಯೇ. ಕೆರೆ ಕುಂಟೆಗಳು ಬತ್ತುತ್ತ ಬರುವುದೂ ಆಗಲೇ. ಸುಡತಕ್ಕ ಪದಾರ್ಥವು ಹೆಚ್ಚಿ, ಆರಿಸತಕ್ಕ ನೀರು ಕಡಮೆಯಾಗುವ ಈ ಕಾಲವು ಫೆಬ್ರವರಿಯಿಂದ ಮೊದಲು ಬೀಳುವ ಒಳ್ಳೆಯ ಮಳೆಯವರೆಗೂ ಇರುತ್ತದೆ.

ನಮ್ಮ ಸೀಮೆಯಲ್ಲಿ ಬೆಂಕಿಯು ತಾನಾಗಿ ಹುಟ್ಟುವುದು ಬಹಳ ಅಪರೂಪ. ಮುಂಗಾರಿಗೆ ಎಳೆಹುಲ್ಲು ಚೆನ್ನಾಗಿ ಬರಲೆಂದು ಗುಡ್ಡಕ್ಕೆ ಕಿಚ್ಚಿಡುವುದು, ಬದುಗಳ ಮೇಲಿನ ಕಸವನ್ನು ನಡುಹಗಲಿನಲ್ಲಿ ಸುಡುವುದು, ಸೇದಿದ ಬೀಡಿಯನ್ನು ಆರಿಸದೆ ಎಸೆಯುವುದು, ಜೇನು ಬಿಡಿಸಲು ಹೊತ್ತಿಸಿದ ಪಂಜನ್ನು ಅಲ್ಲಿಯೇ ಬಿಟ್ಟುಬರುವುದು, ಇವೇ ಮುಖ್ಯ ಕಾರಣಗಳು. ಇವುಗಳ ಜೊತೆಗೆ ವಿದ್ಯುತ್ ತಂತಿಯನ್ನೂ ಹೇಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಬಂದಾಗ ತಂತಿಯು ಜನರಿಗೆ ಒಂದು ವಿಸ್ಮಯವಾಗಿತ್ತು. ಈಗ ಪ್ರತಿಯೊಂದು ಕೊಳವೆ ಬಾವಿಗೂ ತಂತಿಯು ಹೋಗಿದೆ. ಜೋತುಬಿದ್ದ ತಂತಿಗಳು ಗಾಳಿಗೆ ಒಂದನ್ನೊಂದು ತಗುಲಿದರೆ ಉದುರುವ ಕಿಡಿಯು ಕೆಳಗಿನ ಹುಲ್ಲನ್ನು ಹತ್ತಿಸಲು ಸಾಕಾಗುತ್ತದೆ.

2. ಬೆಂಕಿಯು ಮನೆಯನ್ನು ಮುಟ್ಟುವ ಬಗೆ

ದೊಡ್ಡ ಜ್ವಾಲೆಯೇ ಬಂದು ಮನೆಯನ್ನು ನುಂಗುತ್ತದೆಂಬುದು ಸಾಮಾನ್ಯ ಜನರ ಭಾವನೆ. ಅನೇಕ ವೇಳೆ ಹಾಗಾಗುವುದಿಲ್ಲ. ಅಮೆರಿಕಾ ದೇಶದ ಅರಣ್ಯ ಶಾಸ್ತ್ರಜ್ಞರು ಸುಟ್ಟ ಊರುಗಳನ್ನು ಪರೀಕ್ಷಿಸಿ, ಗಾಳಿಯಲ್ಲಿ ಹಾರಿಬಂದ ಕೆಂಡಗಳೂ, ನೆಲದ ಮೇಲೆ ತೆವಳಿಬಂದ ಸಣ್ಣ ಬೆಂಕಿಯೂ ಬಹುಪಾಲು ಮನೆಗಳನ್ನು ಹತ್ತಿಸಿದುವೆಂದು ಕಂಡುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು 2018ರ ನವೆಂಬರ್ 8ರಂದು ಸುಟ್ಟಾಗ 85 ಮಂದಿ ಮಡಿದರು. ಅಲ್ಲಿ ಎಷ್ಟೋ ಮನೆಗಳು ಬೂದಿಯಾಗಿದ್ದರೂ ಪಕ್ಕದ ಮರಗಳು ಹಸುರಾಗಿಯೇ ನಿಂತಿದ್ದುವು. ಕಿಡಿಯು ಬಂದು ಬಿದ್ದ ಕಡೆಯಲ್ಲಿ ಒಣಗಿದ ಪದಾರ್ಥವಿದ್ದರೆ ಮನೆ ಹೋಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆಯೆಂಬುದೇ ಇದರ ತಾತ್ಪರ್ಯ. ಇದು ರೈತನಿಗೆ ಧೈರ್ಯ ಕೊಡತಕ್ಕ ಸಂಗತಿ. ಗುಡ್ಡದ ಬೆಂಕಿಯು ಅವನ ಕೈಯಲ್ಲಿಲ್ಲದಿರಬಹುದು; ಮನೆಯ ಸುತ್ತಲಿನ ನೂರು ಅಡಿ ನೆಲವು ಅವನ ಕೈಯಲ್ಲಿದೆ.

ಮತ್ತೊಂದು ಮಾತು. ಬೆಂಕಿಯು ಇಳಿಜಾರಿನಲ್ಲಿ ಮೇಲಕ್ಕೆ ಏರುವಾಗ ಅದರ ವೇಗವು ಹೆಚ್ಚುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ವೇಗವು ಸುಮಾರು ಎರಡರಷ್ಟಾಗುತ್ತದೆಂದು ಲೆಕ್ಕವಿದೆ. ಆದುದರಿಂದ ದಿಣ್ಣೆಯ ಮೇಲಿನ ಮನೆಗಳವರು ಕೆಳಗಿನ ಇಳಿಜಾರನ್ನು ಹೆಚ್ಚು ದೂರ ಶುದ್ಧಮಾಡಿಸಬೇಕು.

3. ಅಪಾಯಕರವಾದ ಗಿಡಗಳು

ಮೊದಲನೆಯದು ಲಂಟಾನ. ಹೂವಿನ ಅಂದಕ್ಕಾಗಿ ಪರದೇಶದಿಂದ ತಂದ ಈ ಗಿಡವು ಈಗ ಬೇಲಿ, ಬೀಳು, ಅರಣ್ಯಗಳನ್ನೆಲ್ಲ ತುಂಬಿದೆ. ಇದರ ಒಣಕಡ್ಡಿಗಳು ನೆಲದಿಂದ ಮರದ ಕೊಂಬೆಯವರೆಗೆ ಬೆಂಕಿಗೆ ಏಣಿಯಾಗುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಅರಣ್ಯದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಗಿಲಾದ ಪ್ರದೇಶವು ಸುಟ್ಟಾಗ, ಒಣಗಿ ನಿಂತಿದ್ದ ಲಂಟಾನವು ಬೆಂಕಿಗೆ ಹೇಗೆ ಒದಗಿತೆಂಬುದನ್ನು ನಾಡೆಲ್ಲ ನೋಡಿತು. ಸುಡುವುದರಿಂದ ಈ ಗಿಡವು ನಾಶವಾಗುವುದಿಲ್ಲ. ಬುಡದಿಂದ ಮತ್ತೆ ಚಿಗುರಿ, ಸುಟ್ಟ ನೆಲದಲ್ಲಿ ಮತ್ತಷ್ಟು ಹರಡುತ್ತದೆ.

ಎರಡನೆಯದು ನೀಲಗಿರಿ. ಇದರ ಎಲೆಯಲ್ಲಿ ಎಣ್ಣೆಯಿದೆ; ಉದುರಿದ ಎಲೆ ತೊಗಟೆಗಳು ಬೇಗ ಕೊಳೆಯದೆ ದಪ್ಪವಾಗಿ ಹಾಸಿಕೊಂಡಿರುತ್ತವೆ. ಇದರ ತವರಾದ ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರವರಿ 7ರ ಕಾಡುಬೆಂಕಿಯಲ್ಲಿ 173 ಮಂದಿ ಪ್ರಾಣ ಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಹಿಂದೆ ನೆಟ್ಟ ತೋಪುಗಳು ಊರುಗಳ ಅಂಚಿನವರೆಗೂ ಬಂದಿವೆ. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ ಹಳೆಯ ಬುಡಗಳು ಚಿಗುರುತ್ತಲೇ ಇವೆ.

ಮೂರನೆಯದು ಬಂದರೆ ಗಿಡ. ಇದರ ಎಲೆಯಲ್ಲಿ ಅಂಟು ಇರುವುದರಿಂದ ಹಸಿಯಾಗಿದ್ದರೂ ಉರಿಯುತ್ತದೆ. ಇವುಗಳ ಜೊತೆಗೆ ಬಳ್ಳಾರಿ ಜಾಲಿಯ ಒಣಮುಳ್ಳಿನ ರಾಶಿ, ಬಾದೆ ಹುಲ್ಲು, ತೆಂಗಿನ ಒಣಗರಿ, ಇವುಗಳನ್ನೂ ಸೇರಿಸಬೇಕು.

4. ಮನೆಯ ಸುತ್ತಲೂ ಮೂರು ಸುತ್ತು

ಕೋಟೆಗೆ ಸುತ್ತುಗಳಿರುವಂತೆ ಮನೆಗೂ ಮೂರು ಸುತ್ತುಗಳನ್ನು ಕಲ್ಪಿಸಿಕೊಳ್ಳಬೇಕು.

ಮೊದಲನೆಯ ಸುತ್ತು, ಗೋಡೆಯಿಂದ 5 ಅಡಿ. ಇಲ್ಲಿ ಉರಿಯತಕ್ಕದ್ದು ಯಾವುದೂ ಇರಕೂಡದು. ಸೌದೆ, ಬೆರಣಿ, ತೆಂಗಿನ ಮಟ್ಟೆ, ಗೋಣಿಚೀಲ, ಹನಿ ನೀರಾವರಿಯ ಹಳೆಯ ಕೊಳವೆಗಳು ಇವುಗಳನ್ನು ಗೋಡೆಗೆ ಒರಗಿಸಿಡುವ ಅಭ್ಯಾಸವನ್ನು ಬಿಡಬೇಕು. ಹೆಂಚಿನ ಸಂದಿನಲ್ಲಿಯೂ ಸೂರಿನ ಮೂಲೆಯಲ್ಲಿಯೂ ಸೇರಿದ ತರಗನ್ನು ಜನವರಿಯಲ್ಲೊಮ್ಮೆ, ಮಾರ್ಚಿಯಲ್ಲೊಮ್ಮೆ ತೆಗೆಯಿಸಬೇಕು. ರೇಷ್ಮೆ ಹುಳು ಸಾಕುವವರು ಬಿದಿರಿನ ಚಂದ್ರಿಕೆಗಳನ್ನೂ ಒಣಗಿದ ಹಿಪ್ಪುನೇರಳೆ ಕಡ್ಡಿಗಳನ್ನೂ ಹುಳುಮನೆಯ ಗೋಡೆಗೆ ಒಟ್ಟಬಾರದು.

ಎರಡನೆಯ ಸುತ್ತು, 5ರಿಂದ 30 ಅಡಿಯವರೆಗೆ. ಇಲ್ಲಿನ ಹುಲ್ಲನ್ನು ನಾಲ್ಕು ಅಂಗುಲಕ್ಕೆ ಮೀರದಂತೆ ಕೊಯ್ದಿರಬೇಕು. ಮರಗಳಿರಬಹುದು, ಆದರೆ ನೆಲದಿಂದ ಆರೇಳು ಅಡಿಯವರೆಗಿನ ಕೊಂಬೆಗಳನ್ನು ಸವರಿ, ಬುಡದಲ್ಲಿ ಪೊದೆಯಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಮಾವು, ಹೊಂಗೆ, ನುಗ್ಗೆ, ಕರಿಬೇವು, ನೀರು ಬೀಳುವ ಕಡೆ ಬಾಳೆ, ಇವು ಯೋಗ್ಯವಾದ ಗಿಡಗಳು. ನಮ್ಮ ಹಿರಿಯರು ಬೇಲಿಗೆ ಕತ್ತಾಳೆಯನ್ನೂ ಕಳ್ಳಿಯನ್ನೂ ನೆಡುತ್ತಿದ್ದುದರಲ್ಲಿ ವಿವೇಕವಿತ್ತು. ನೀರು ತುಂಬಿದ ಇವುಗಳ ಅಂಗವು ಸುಲಭವಾಗಿ ಹೊತ್ತುವುದಿಲ್ಲ. ಅಡಿಯ ಒಣಪಟ್ಟೆಗಳನ್ನು ಮಾತ್ರ ವರ್ಷಕ್ಕೊಮ್ಮೆ ತೆಗೆಯಬೇಕು.

ಮೂರನೆಯ ಸುತ್ತು, 30ರಿಂದ 100 ಅಡಿಯವರೆಗೆ. ಇಲ್ಲಿ ಲಂಟಾನವನ್ನು ಪೂರ್ತಿಯಾಗಿಯೂ, ಇತರ ಪೊದೆಗಳನ್ನು ಬಿಡಿಬಿಡಿಯಾಗಿ ಉಳಿಯುವಂತೆಯೂ ತೆಗೆಯಬೇಕು. ಒಂದು ಪೊದೆಯ ಜ್ವಾಲೆಯು ಮತ್ತೊಂದಕ್ಕೆ ಎಟುಕಬಾರದೆಂಬುದು ಅಳತೆ.

ಬಣವೆಯನ್ನು ಮನೆ ಕೊಟ್ಟಿಗೆಗಳಿಂದ 60 ಅಡಿಗೆ ಕಡಮೆಯಿಲ್ಲದ ದೂರದಲ್ಲಿ, ವಿದ್ಯುತ್ ತಂತಿಯ ಕೆಳಗಲ್ಲದ ಜಾಗದಲ್ಲಿ ಒಟ್ಟಬೇಕು. ಅದರ ಸುತ್ತ 10 ಅಡಿ ಅಗಲಕ್ಕೆ ಗುದ್ದಲಿಯಿಂದ ಹುಲ್ಲು ಕೆತ್ತಿ ಬರಿಯ ಮಣ್ಣು ಕಾಣುವಂತೆ ಮಾಡಬೇಕು. ಇರುವ ಮೇವನ್ನೆಲ್ಲ ಒಂದೇ ಬಣವೆಯಾಗಿ ಒಟ್ಟುವುದಕ್ಕಿಂತ ದೂರದೂರವಾಗಿ ಎರಡು ಒಟ್ಟುವುದು ಲೇಸು. ಒಂದು ಹೋದರೂ ಮತ್ತೊಂದು ಉಳಿದು ದನಗಳು ಬದುಕುತ್ತವೆ.

5. ಗುಡ್ಡವನ್ನು ಬೋಳಿಸಕೂಡದು

ಮೇಲಿನ ಮಾತನ್ನು ಓದಿ, ಗುಡ್ಡವನ್ನೆಲ್ಲ ಬೋಳಿಸಿದರೆ ಇನ್ನೂ ಕ್ಷೇಮವಲ್ಲವೇ ಎಂದು ಕೆಲವರು ಕೇಳಬಹುದು. ಇದು ತಪ್ಪು. ಹೊದಿಕೆಯಿಲ್ಲದ ಇಳಿಜಾರಿನ ಮೇಲ್ಮಣ್ಣು ಮೊದಲ ಬಿರುಮಳೆಗೇ ಕೊಚ್ಚಿ ಕೆರೆಯನ್ನು ಸೇರುತ್ತದೆ. ಕೆರೆಗಳನ್ನೇ ನಂಬಿದ ನಮ್ಮ ಜಿಲ್ಲೆಗೆ ಹೂಳು ಬೆಂಕಿಗಿಂತ ಕಡಮೆಯ ಶತ್ರುವಲ್ಲ. ಗುಡ್ಡಕ್ಕೆ ಬೆಂಕಿಯಿಟ್ಟರೂ ಇದೇ ನಷ್ಟ. ಸುಟ್ಟ ಮೇಲೆ ಬರುವ ಹಸುರನ್ನು ನೋಡಿ ರೈತನು ಸಂತೋಷಪಡುತ್ತಾನೆ; ಆದರೆ ತರಗಿನೊಂದಿಗೆ ಸಾರಜನಕವು ಹೊಗೆಯಾಗಿ ಹೋಗಿ, ಬೂದಿಯು ಮಳೆಗೆ ತೊಳೆದುಹೋಗಿ, ವರ್ಷವರ್ಷಕ್ಕೆ ಒಳ್ಳೆಯ ಹುಲ್ಲು ಕಡಮೆಯಾಗಿ ಬಿರುಸಾದ ಜಾತಿಗಳೇ ಉಳಿಯುತ್ತವೆ.

ಆದುದರಿಂದ ಶುದ್ಧಮಾಡುವುದನ್ನು ಮನೆಗಳ ಸುತ್ತಿಗೂ, ಗುಡ್ಡಕ್ಕೂ ಊರಿಗೂ ನಡುವಣ ಒಂದು ಪಟ್ಟಿಗೂ ಮಿತಗೊಳಿಸಬೇಕು. ಈ ಪಟ್ಟಿಯು 15ರಿಂದ 20 ಅಡಿ ಅಗಲವಾಗಿ, ಇಳಿಜಾರಿಗೆ ಅಡ್ಡಲಾಗಿ ಇರಲಿ. ನೀರು ಓಡುವ ದಿಕ್ಕಿನಲ್ಲಿ ಪಟ್ಟಿ ತೆಗೆದರೆ ಅದೇ ಕೊರಕಲಾಗುತ್ತದೆ. ಗಾಡಿದಾರಿ, ಹಳ್ಳ, ಬಂಡೆಗಳನ್ನು ಜೋಡಿಸಿಕೊಂಡರೆ ಕೆಲಸವು ಅರ್ಧವಾಗುತ್ತದೆ. ನಮ್ಮ ಸೀಮೆಯ ಹಾಸುಬಂಡೆಗಳು ದೇವರೇ ಕೊಟ್ಟ ಬೆಂಕಿ ಪಟ್ಟಿಗಳು.

6. ಪೊದೆಗಳನ್ನು ಕೀಳುವ ಕ್ರಮ ಮತ್ತು ಅವುಗಳ ಉಪಯೋಗ

ಲಂಟಾನವನ್ನು ಮೇಲೆ ಸವರಿದರೆ ಪ್ರಯೋಜನವಿಲ್ಲ. ಹಿಂಗಾರು ಮಳೆಯ ತೇವವಿರುವಾಗಲೇ, ಕಾಯಿ ಕಟ್ಟುವ ಮೊದಲು, ನೆಲದಿಂದ ಎರಡು ಮೂರು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಎತ್ತಿ ಬುಡ ಮೇಲಾಗಿ ಇಟ್ಟು ಒಣಗಿಸಬೇಕು. ಮುಂದಿನ ಎರಡು ವರ್ಷ ಮೊಳೆತ ಸಸಿಗಳನ್ನು ಕಿತ್ತುಹಾಕಬೇಕು. ಇದರ ಎಲೆಯು ದನಗಳಿಗೆ ವಿಷವಾದುದರಿಂದ ಮೇವಿನೊಡನೆ ಬೆರೆಯದಂತೆ ಎಚ್ಚರವಿರಲಿ.

ಕಿತ್ತ ಸೊಪ್ಪನ್ನು ಸುಡದೆ ಕಾಂಪೋಸ್ಟ್ ಗುಂಡಿಗೆ ಹಾಕತಕ್ಕದ್ದು. ಒಂದು ಅಡಿ ಸೊಪ್ಪು, ಅದರ ಮೇಲೆ ಸಗಣಿ ಗಂಜಲದ ನೀರು, ಅದರ ಮೇಲೆ ಎರಡು ಅಂಗುಲ ಮಣ್ಣು, ಹೀಗೆ ಪದರಪದರವಾಗಿ ತುಂಬಿ ತೇವವಾರದಂತೆ ನೋಡಿಕೊಂಡರೆ ಮುಂಗಾರಿನ ವೇಳೆಗೆ ಗೊಬ್ಬರವಾಗುತ್ತದೆ. ದಪ್ಪ ಕಡ್ಡಿಗಳು ಒಲೆಗಾಗುತ್ತವೆ. ಊರನ್ನು ಸುಡಬಹುದಾಗಿದ್ದ ಪದಾರ್ಥವೇ ಹೀಗೆ ರಾಗಿಯ ಹೊಲಕ್ಕೆ ಬಲ ಕೊಡುವುದು.

7. ಎಲ್ಲರೂ ಕೂಡಿ ಮಾಡತಕ್ಕ ಕೆಲಸ

ಹತ್ತು ಮನೆಯವರು ಶುದ್ಧಮಾಡಿ, ಹನ್ನೊಂದನೆಯವನ ಹಿತ್ತಿಲಿನಲ್ಲಿ ಲಂಟಾನವು ನಿಂತಿದ್ದರೆ ಹನ್ನೊಂದು ಮನೆಗೂ ಅಪಾಯವೇ. ಸಾಮಾನ್ಯವಾಗಿ ಊರಿನ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಇರುವವರು ಬಡವರು. ಅವರು ದಿನಗೂಲಿಯನ್ನು ಬಿಟ್ಟು ಪೊದೆ ಕೀಳಲಾರರು. ಅವರ ಬೆನ್ನಿಗಿರುವ ಗೋಮಾಳ, ಬೀಳುಭೂಮಿಗಳಂತೂ ಯಾರ ಪಾಲಿನ ಕೆಲಸವೂ ಅಲ್ಲವೆಂದು ಬಿಟ್ಟಿರುತ್ತವೆ. ಆದರೆ ಬೆಂಕಿಯು ಊರಿಗೆ ಬರುವುದು ಆ ಬಾಗಿಲಿನಿಂದಲೇ. ಆದುದರಿಂದ ಈ ಭಾಗವನ್ನು ಮೊದಲು ಶುದ್ಧಮಾಡಿಸುವುದು ಜಮೀನುದಾರರಿಗೆ ಧರ್ಮವೂ ಹೌದು, ಲಾಭವೂ ಹೌದು. ಮುಖಂಡರು ಗ್ರಾಮಸಭೆಯಲ್ಲಿ ಈ ವಿಷಯವನ್ನಿಟ್ಟು, ಮನೆಗೊಬ್ಬ ಆಳಿನಂತೆ ಎರಡು ದಿನ ದುಡಿಸಿದರೆ ಸಣ್ಣ ಊರೊಂದರ ಪಟ್ಟಿ ಮುಗಿಯುತ್ತದೆ.

ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಏನನ್ನೂ ಕಡಿಯಕೂಡದು. ಅಲ್ಲಿ ಬೆಂಕಿಯಿಡುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅಪರಾಧ. ಸ್ವಂತ ಜಮೀನಿನ ಮರಗಳನ್ನು ಕಡಿಯುವುದಕ್ಕೂ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿಯು ಬೇಕಾಗಬಹುದಾದುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

8. ಬೆಂಕಿಯು ಕಂಡಾಗ

ಮೊದಲು ಸುದ್ದಿ ಮುಟ್ಟಿಸಬೇಕು: ಅಗ್ನಿಶಾಮಕ ದಳಕ್ಕೆ 101 ಅಥವಾ 112, ಅರಣ್ಯ ಇಲಾಖೆಗೆ 1926. ಇದೇ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಪ್ರಸಾರವು ತಂತಿಯ ಮೂಲಕ ಮನೆಮನೆಗೆ ಊರಿನ ಸುದ್ದಿ ಮುಟ್ಟಿಸಿತ್ತು. ಅಂತೆಯೇ ಈಗಲೂ ದೇವಸ್ಥಾನ ಮಸೀದಿಗಳ ಧ್ವನಿವರ್ಧಕಗಳನ್ನೂ ದೂರವಾಣಿಯನ್ನೂ ಉಪಯೋಗಿಸಿಕೊಳ್ಳಬಹುದು.

ಎರಡನೆಯದಾಗಿ, ದನಗಳ ಕಣ್ಣಿ ಬಿಚ್ಚಬೇಕು. ಹೆದರಿದ ದನವು ಕೊಟ್ಟಿಗೆಯನ್ನು ಬಿಟ್ಟು ಏಳುವುದಿಲ್ಲ. ಕಣ್ಣಿಗೆ ಬಟ್ಟೆ ಮುಚ್ಚಿ ನಡೆಸಿದರೆ ಬರುತ್ತದೆ. ಬೇಸಗೆಯಲ್ಲಿ ಎಳೆದೊಡನೆ ಬಿಚ್ಚಿಕೊಳ್ಳುವ ಗಂಟನ್ನೇ ಹಾಕುವ ರೂಢಿಯಿರಲಿ.

ಮೂರನೆಯದಾಗಿ, ಹತ್ತಿದ ಬಣವೆಯನ್ನು ಗಾಳಿಯಲ್ಲಿ ಕೆದಕಬಾರದು. ಕಿಡಿಗಳು ಹಾರಿ ಇತರ ಬಣವೆಗಳನ್ನು ಹತ್ತಿಸುತ್ತವೆ. ಪಕ್ಕದ ಬಣವೆಗೆ ನೆನೆಸಿದ ಗೋಣಿತಾಟು ಹೊದಿಸುವುದು ಜಾಣತನ. ಹುಲ್ಲಿನ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿಯುವವರು ಪಕ್ಕದಿಂದಲೇ ಬಡಿಯಬೇಕು. ಏರುತ್ತಿರುವ ಬೆಂಕಿಯ ಎದುರಿಗೆ ಗುಡ್ಡದ ಮೇಲೆ ಎಂದಿಗೂ ನಿಲ್ಲಕೂಡದು. ನೈಲಾನ್ ಬಟ್ಟೆಯು ಮೈಗೆ ಕರಗಿ ಅಂಟುತ್ತದೆ. ಹತ್ತಿಬಟ್ಟೆ ಅಥವಾ ಕಂಬಳಿ ಒಳ್ಳೆಯದು. ಬೆಂಕಿ ಬಿದ್ದ ವೇಳೆಯಲ್ಲಿ ಪಂಪಿಗೆ ವಿದ್ಯುತ್ ಇರುತ್ತದೆಂದು ನಂಬುವಂತಿಲ್ಲವಾದುದರಿಂದ ಪ್ರತಿ ಬೀದಿಯಲ್ಲಿಯೂ ಒಂದು ತೊಟ್ಟಿಯು ತುಂಬಿರಬೇಕು. ತಂತಿಯ ಬಳಿ ಉರಿಯುತ್ತಿರುವಾಗ ವಿದ್ಯುತ್ ನಿಲ್ಲಿಸಿದುದು ಖಚಿತವಾಗುವವರೆಗೆ ನೀರು ಎರಚಬಾರದು. ಮನುಷ್ಯರ ಪ್ರಾಣಕ್ಕೆ ಅಪಾಯವೆಂದು ಕಂಡಲ್ಲಿ ಬಣವೆಯನ್ನೂ ಮನೆಯನ್ನೂ ಬಿಟ್ಟು ಹೊರಡತಕ್ಕದ್ದು.

ಕಾಲಕ್ರಮ

ನವೆಂಬರ್‌ನಲ್ಲಿ ತೇವವಿರುವಾಗ ಲಂಟಾನ ಕೀಳುವುದು. ಡಿಸೆಂಬರ್‌ನಲ್ಲಿ ಪಟ್ಟಿ ತೆಗೆದು ಬಣವೆಯ ಜಾಗಗಳನ್ನು ಗೊತ್ತುಮಾಡುವುದು. ಸಂಕ್ರಾಂತಿಯ ಒಳಗೆ ಮೂರು ಸುತ್ತುಗಳನ್ನೂ ಮುಗಿಸುವುದು. ಆ ಸಂಜೆ ದನಗಳನ್ನು ಕಿಚ್ಚು ಹಾಯಿಸಿದ ಮೇಲೆ ಕೆಂಡವನ್ನು ನೀರು ಹಾಕಿ ಪೂರ್ತಿ ಆರಿಸುವುದು. ಮಾರ್ಚಿಯಲ್ಲಿ ಮತ್ತೊಮ್ಮೆ ತರಗು ತೆಗೆಯುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಾವಿಯು ಸಾವಿರ ಅಡಿಗೂ ಆಳಕ್ಕೆ ಇಳಿದಿರುವ ನಮ್ಮ ಸೀಮೆಯಲ್ಲಿ ಆ ಗಾದೆಯು ಮತ್ತಷ್ಟು ದಿಟ. ಮುಖಂಡರೂ ಹಿಡುವಳಿದಾರರೂ ಈ ಸಂಕ್ರಾಂತಿಗೆ ಮುಂಚೆ ತಮ್ಮ ಊರಿನ ಅಂಚನ್ನು ಒಮ್ಮೆ ನಡೆದು ನೋಡಿ, ಗುಡ್ಡದ ಮಗ್ಗುಲಿನ ಕಟ್ಟಕಡೆಯ ಮನೆಯಿಂದಲೇ ಕೆಲಸವನ್ನು ಆರಂಭಿಸುವರೆಂದು ನಂಬಲಾಗಿದೆ.