‘ಹೊಸಬ’ ಎಂದರೆ ಯಾರಿಗೆ ಹೊಸಬ? ಅಪಠಿತ ಗದ್ಯದ ಎರಡು ತರಗತಿಗಳು

ಬೋಧನಾಭ್ಯಾಸದಲ್ಲಿ ಅಪಠಿತ ಗದ್ಯಕ್ಕೆ ನಾವು ಬಹುಮಟ್ಟಿಗೆ ಮಹನೀಯರ ಬದುಕನ್ನೇ ಆರಿಸಿಕೊಳ್ಳುತ್ತೇವೆ. ಹುಟ್ಟಿದ ಊರು, ಬಡತನ, ಪರಿಶ್ರಮ, ಪ್ರಶಸ್ತಿ. ಈ ಅಚ್ಚು ಮಕ್ಕಳಿಗೆ ಎಷ್ಟು ರೂಢಿಯಾಗಿದೆಯೆಂದರೆ ಗದ್ಯಭಾಗ ಓದದೆಯೂ ಐದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಬಿಡುತ್ತಾರೆ. ಹಾಗಾಗಿ ನಂಜನಗೂಡು ಮತ್ತು ತಿ. ನರಸೀಪುರದ ಎರಡು ಅಭ್ಯಾಸ ಶಾಲೆಗಳ 9ನೇ ತರಗತಿಗೆ ನಾನು ಬೇರೊಂದು ವಸ್ತುವನ್ನು ತೆಗೆದುಕೊಂಡೆ. ಅದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಹಾಡು ತಂಡ ಮೇಲೆ ಬಂದ ಬಗೆ. ಆದರ್ಶಪುರುಷರ ಪಾಠವಾಗಿ ಅಲ್ಲ. ಒಂದು ತಂಡ ಹೆಸರಾಗುವುದಕ್ಕೆ ಏನೇನು ಕೂಡಿಬರಬೇಕು ಎಂದು ಓದಿ ಬಿಡಿಸುವ ಪಾಠವಾಗಿ.

ಪಾಠಯೋಜನೆಯಲ್ಲಿ ನಾನು ಬರೆದುಕೊಂಡ ಉದ್ದೇಶ ಒಂದೇ: ಕಾಲಾನುಕ್ರಮವನ್ನೂ ಕಾರಣವನ್ನೂ ಬೇರೆ ಬೇರೆಯಾಗಿ ಗುರುತಿಸುವುದು. ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲಿನದು ಎರಡನೆಯದಕ್ಕೆ ಕಾರಣವಾಗಲೇಬೇಕೆಂದಿಲ್ಲ. ಹೇಳುವುದಕ್ಕೆ ಸುಲಭವಾದ ಈ ಮಾತು 9ನೇ ತರಗತಿಯವರಿಗೆ ಕಷ್ಟ. ನಮಗೂ ಕಷ್ಟವೇ ಎಂಬುದಕ್ಕೆ ನಮ್ಮ ವಿಮರ್ಶಾ ಪಾಠದ ಚರ್ಚೆಗಳನ್ನು ಕೇಳಿದರೆ ಸಾಕು.

ಗದ್ಯಭಾಗವನ್ನು ಪುಟದಲ್ಲಿ ಕೊಡದೆ ಎಂಟು ರಟ್ಟಿನ ಚೀಟಿಗಳಾಗಿ ಒಡೆದೆ. ಅವುಗಳಲ್ಲಿದ್ದ ವಿಷಯ ಇದು. ಮೈಸೂರಿನ ಹುಡುಗ ಭರತನಾಟ್ಯ ಕಲಿತ. ಹುಡುಗನಾಗಿ ಕುಣಿಯುತ್ತಾನೆಂದು ಕಾಲೇಜಿನಲ್ಲಿ ಸಹಪಾಠಿಯೊಬ್ಬ ಹಂಗಿಸಿದಾಗ ಪಂತ ಕಟ್ಟಿ ಗಿಟಾರ್ ಕಲಿತದ್ದಾಗಿ ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ., ಚಿನ್ನದ ಪದಕ. 1990ರ ದಶಕದ ಕೊನೆಯ ಭಾಗದಲ್ಲಿ ‘ಅಂತರಾಗ್ನಿ’ ಎಂಬ ತಂಡ. ಕೆಲವು ವರ್ಷಗಳಲ್ಲಿ ಅದು ಚದುರಿತು. 2005ರ ಸುಮಾರಿಗೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. 2008ರಲ್ಲಿ ಮೊದಲ ಆಲ್ಬಂ. ಹೊರತಂದವರು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ‘ಅತ್ಯುತ್ತಮ ಹೊಸಬ’ ಪ್ರಶಸ್ತಿ. ಇವು ಆರು ಚೀಟಿ.

ಉಳಿದ ಎರಡನ್ನು ಬೇಕೆಂದೇ ಸೇರಿಸಿದ್ದೆ. ಒಂದರಲ್ಲಿ, ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದರು, ಅವರ ತತ್ವಪದಗಳು ಬಾಯಿಂದ ಬಾಯಿಗೆ ಬಂದವು ಎಂದಿತ್ತು. ಇನ್ನೊಂದರಲ್ಲಿ, 1990ರಲ್ಲಿ ಟಿ.ಎಸ್. ನಾಗಾಭರಣರು ಶರೀಫರ ಬಗ್ಗೆ ಚಿತ್ರ ಮಾಡಿದರು, ಸಿ. ಅಶ್ವಥ್ ಅದಕ್ಕೆ ಸಂಗೀತ ಕೊಟ್ಟರು ಎಂದಿತ್ತು. 2008ರ ಆಲ್ಬಂನಲ್ಲಿ ಶರೀಫರ ಎರಡು ಪದಗಳಿವೆ: ಸೋರುವ ಮಾಳಿಗೆಯದು, ಗುಡುಗುಡಿಯದು. ಇದನ್ನು ಆಲ್ಬಂ ಚೀಟಿಯ ಕೆಳಗೆ ಸಣ್ಣದಾಗಿ ಬರೆದಿದ್ದೆ. ಓದಿದವರಿಗೆ ಸಿಗಲಿ ಎಂದು.

ನಂಜನಗೂಡಿನ ತರಗತಿಯಲ್ಲಿ ನಲವತ್ತೆರಡು ಮಕ್ಕಳು, ಆರು ಗುಂಪು. ಪೀಠಿಕೆಗೆ ‘ಒಬ್ಬ ಹಾಡುಗಾರ ಹೆಸರಾಗುವುದು ಹೇಗೆ?’ ಎಂದು ಕೇಳಿದೆ. ಉತ್ತರ ಒಂದೇ ಬಾಯಿಯಲ್ಲಿ ಬಂತು: ‘ಸರಿಗಮಪ’. ಟಿ.ವಿ.ಯಲ್ಲಿ ಆಯ್ಕೆಯಾಗಬೇಕು, ತೀರ್ಪುಗಾರರು ಎದ್ದು ನಿಲ್ಲಬೇಕು, ಆಯಿತು. ಈ ಪೂರ್ವಜ್ಞಾನವನ್ನು ನಾನು ಅಲ್ಲಗಳೆಯಲಿಲ್ಲ. ಹಲಗೆಯ ಬಲಮೂಲೆಯಲ್ಲಿ ಬರೆದಿಟ್ಟೆ.

ಚೀಟಿ ಜೋಡಿಸುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಐದು ಗುಂಪುಗಳು ಶರೀಫರ ಚೀಟಿಯನ್ನೂ ಸಿನಿಮಾ ಚೀಟಿಯನ್ನೂ ಪಕ್ಕಕ್ಕೆ ತೆಗೆದಿಟ್ಟಿದ್ದವು. ‘ಇದು ಈ ಪಾಠದ್ದಲ್ಲ ಮೇಡಂ, ಮಿಕ್ಸ್ ಆಗ್ಬಿಟ್ಟಿದೆ’ ಎಂದು ಒಬ್ಬ ತಂದುಕೊಟ್ಟ. ಆರನೆಯ ಗುಂಪಿನ ಹುಡುಗಿ ಮಾತ್ರ ಶರೀಫರನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಯಾಕೆಂದು ಕೇಳಿದ್ದಕ್ಕೆ, ‘ಪದಾನೇ ಇಲ್ದಿದ್ರೆ ಏನು ಹಾಡ್ತಿದ್ರು?’ ಎಂದಳು. ಆಲ್ಬಂ ಚೀಟಿಯ ಸಣ್ಣ ಅಕ್ಷರವನ್ನು ಅವಳು ಓದಿದ್ದಳು. ಮಿಕ್ಕವರು ಓಡಿಬಂದು ನೋಡಿದರು.

ಎರಡನೆಯ ಹಂತದಲ್ಲಿ ಪ್ರತಿ ಎರಡು ಚೀಟಿಯ ನಡುವೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿಸಿದೆ. ನನ್ನ ಅನುಭವದಲ್ಲಿ ಇಡೀ ಪಾಠದಲ್ಲಿ ಹೆಚ್ಚು ಕೆಲಸ ಮಾಡಿದ ಚಟುವಟಿಕೆ ಇದೇ. ಮೊದಲ ತಂಡದಿಂದ ಮೊದಲ ಆಲ್ಬಂವರೆಗೆ ಹತ್ತಿರ ಹತ್ತಿರ ಹತ್ತು ವರ್ಷ. ಆಲ್ಬಂನಿಂದ ಬಿಬಿಸಿಗೆ ಎರಡೇ ವರ್ಷ. ‘ಆಮೇಲೆ ಲಕ್ಕು ಹೊಡೀತು’ ಎಂದ ಒಬ್ಬ. ‘ಹತ್ತು ವರ್ಷ ಯಾಕೆ ಹೊಡೀಲಿಲ್ಲ?’ ಎಂದು ಅವನ ಪಕ್ಕದವನೇ ಕೇಳಿದ. ಅಲ್ಲಿಂದ ಕಾರಣಗಳು ಬರತೊಡಗಿದವು: ದುಡ್ಡು ಹಾಕುವವರು ಬೇಕು, ರೆಕಾರ್ಡ್ ಆಗಬೇಕು, ರೆಕಾರ್ಡ್ ಆಗದಿದ್ದರೆ ದೂರದವರಿಗೆ ಕೇಳಿಸುವುದಿಲ್ಲ, ಮುಂಬೈನಲ್ಲಿ ಯಾರಾದರೂ ಕೇಳಿಸಿಕೊಳ್ಳಬೇಕು. ಅದೃಷ್ಟ ಎಂಬ ಒಂದು ಪದದೊಳಗೆ ಅಡಗಿದ್ದ ನಾಲ್ಕಾರು ಸಂಗತಿಗಳನ್ನು ಅವರೇ ಹೊರಗೆ ತೆಗೆದರು.

ಕೊನೆಯ ಚೀಟಿಗೆ ಬಂದಾಗ ನಾನು ಒಂದೇ ಪ್ರಶ್ನೆ ಕೇಳಿದೆ. ಅವರು ಹುಟ್ಟಿದ್ದು 1974ರ ನವೆಂಬರಿನಲ್ಲಿ. ‘ಹೊಸಬ’ ಎಂಬ ಪ್ರಶಸ್ತಿ ಬಂದಾಗ ವಯಸ್ಸೆಷ್ಟು? ಮೂವತ್ತಾರು. ಹಾಡತೊಡಗಿ ಎಷ್ಟು ವರ್ಷವಾಗಿತ್ತು? ಹತ್ತಕ್ಕೂ ಮೇಲೆ. ಹಾಗಾದರೆ ಹೊಸಬ ಹೇಗೆ? ತುಸು ಹೊತ್ತು ಗಲಾಟೆ. ಕೊನೆಗೆ ಒಬ್ಬಳು, ‘ಅವ್ರಿಗೆ ಹೊಸಬ್ರು ಮೇಡಂ, ನಮ್ಗಲ್ಲ’ ಎಂದಳು. ಇದನ್ನು ಹಲಗೆಯ ನಡುವೆ ಬರೆದೆ. ಗಂಟೆ ಹೊಡೆಯಿತು.

ಮುಂದಿನ ವಾರ ಇದೇ ಪಾಠ, ಇದೇ ಚೀಟಿಗಳು, ತಿ. ನರಸೀಪುರದಲ್ಲಿ. ಇಲ್ಲಿ ಮಕ್ಕಳು ಸುತ್ತಲ ಹಳ್ಳಿಗಳಿಂದ ಬರುವವರು. ‘ಹೊಸಬ’ ಪ್ರಶ್ನೆಯವರೆಗೂ ಪಾಠ ನಂಜನಗೂಡಿನ ದಾರಿಯಲ್ಲೇ ಸಾಗಿತ್ತು. ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಕೈಯೆತ್ತದೆಯೇ ಹೇಳಿದ: ‘ನಮ್ ದೊಡ್ಡಪ್ಪನೂ ರಾತ್ರಿಯೆಲ್ಲ ಪದ ಹೇಳ್ತರ. ತಂಡಾನೂ ಅದ. ಅವ್ರುನ್ನ ಯಾಕ ಯಾರೂ ಕರ್ಕೊಂಡೋಗಿಲ್ಲ?’

ಅವನ ದೊಡ್ಡಪ್ಪ ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕಥೆಯನ್ನು ಸಾಲು ಸಾಲಾಗಿ ಹಾಡುವ ದೀಕ್ಷೆ ಪಡೆದವರು. ಕಪ್ಪಡಿ, ಚಿಕ್ಕಲ್ಲೂರು, ಬೊಪ್ಪೇಗೌಡನಪುರದ ಜಾತ್ರೆಗಳನ್ನು ಕಂಡವರಿಗೆ ತಂಬೂರಿ, ಡಕ್ಕೆ, ಗಗ್ಗರ, ತಾಳದ ಆ ಮೇಳವನ್ನು ವಿವರಿಸಬೇಕಾಗಿಲ್ಲ. ತರಗತಿಯಲ್ಲಿ ಎರಡು ಮೂರು ಕಡೆ ನಗು ಕೇಳಿಸಿತು. ಯಾವ ನಗು ಎಂದು ನಮ್ಮ ಸೀಮೆಯಲ್ಲಿ ಪಾಠ ಮಾಡಿದವರಿಗೆ ಗೊತ್ತು. ಈ ಪದ ಹೇಳುವವರು ಯಾವ ಕೇರಿಯವರು ಎಂಬುದು ಮಕ್ಕಳಿಗೂ ಗೊತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿಗೆ ಮೊದಲು ಹೊಳೆಯುವುದು, ‘ಎಲ್ಲಿ, ಒಂದು ಪದ ಹೇಳು ನೋಡೋಣ’ ಎನ್ನುವುದು. ವೀಕ್ಷಕರು ಹಿಂದೆ ಕುಳಿತಿದ್ದರೆ ಅದು ಚೆನ್ನಾಗಿಯೂ ಕಾಣುತ್ತದೆ. ನಾನು ಹಾಗೆ ಕೇಳಲಿಲ್ಲ. ನಗು ಆಗಲೇ ಎದ್ದಿರುವ ಕೋಣೆಯಲ್ಲಿ ಹುಡುಗನನ್ನು ಎಬ್ಬಿಸಿ ಹಾಡಿಸಿದರೆ ಅವನು ಪ್ರದರ್ಶನದ ವಸ್ತುವಾಗುತ್ತಾನೆ. ಅಲ್ಲದೆ ಅವನು ಕೇಳಿದ್ದು ಹಾಡುವ ಅವಕಾಶವನ್ನಲ್ಲ, ಒಂದು ಪ್ರಶ್ನೆಯನ್ನು. ಹಲಗೆಯ ಮೇಲೆ ಎರಡು ಕಲಂ ಎಳೆದೆ: ‘ಬ್ಯಾಂಡ್’, ‘ಮೇಳ’. ಪ್ರಶ್ನೆಗಳನ್ನು ಅವನಿಗೊಬ್ಬನಿಗೇ ಅಲ್ಲ, ಇಡೀ ತರಗತಿಗೆ ಹಾಕಿದೆ. ಮುಂದೆ ನಿಂತು ಹಾಡುವವರು ಎಷ್ಟು ಜನ? ಸೊಲ್ಲು ಹಿಡಿಯುವವರು ಯಾರು? ಯಾರು ಕರೆಸುತ್ತಾರೆ, ಏನು ಕೊಡುತ್ತಾರೆ? ಹೊಸಬರನ್ನು ಸೇರಿಸಿಕೊಳ್ಳುವುದು ಹೇಗೆ? ಎಷ್ಟು ಹೊತ್ತು ಹಾಡುತ್ತಾರೆ?

ನಗುತ್ತಿದ್ದವರೇ ಉತ್ತರ ಕೊಡತೊಡಗಿದರು. ಅವರ ಮನೆಯ ಹರಕೆಗೂ ಮೇಳ ಬಂದಿತ್ತು. ಕಂಸಾಳೆಯವರನ್ನು, ಮಾದೇಶ್ವರನ ದೇವರಗುಡ್ಡರನ್ನು ಕಂಡವರೂ ಇದ್ದರು. ‘ಬ್ಯಾಂಡ್’ ಕಲಂ ತುಂಬಲು ಚೀಟಿ ನೋಡಬೇಕಾಯಿತು. ‘ಮೇಳ’ದ ಕಲಂ ನೋಡದೆಯೇ ತುಂಬಿತು. ಲಂಡನ್ನಿಗೆ ಹೋಗದಿರುವುದಕ್ಕೆ ಅವರು ಕೊಟ್ಟ ಕಾರಣಗಳು ಹೀಗಿದ್ದವು: ಇಂಗ್ಲಿಷ್ ಬಾರದು, ಪದ ಮುಗಿಯುವುದಕ್ಕೆ ಬೆಳಗಾಗಬೇಕು, ಟಿ.ವಿ.ಯಲ್ಲಿ ಐದು ನಿಮಿಷ ಕೊಡುತ್ತಾರೆ. ರೆಕಾರ್ಡ್ ಮಾಡಿಕೊಂಡು ಹೋದವರು ವಾಪಸು ಬರುವುದಿಲ್ಲ. ಒಬ್ಬಳು, ‘ಅದು ದೇವ್ರು ಪದ, ಹೆಸ್ರು ಮಾಡಕೆ ಹೇಳದಲ್ಲ’ ಎಂದಳು. ಇನ್ನೊಬ್ಬ ಅದನ್ನು ಒಪ್ಪಲಿಲ್ಲ: ‘ಶರೀಫರ್ದೂ ದೇವ್ರು ಪದ್ವೆ ಅಲ್ವಾ?’ ಹಿಂದೊಮ್ಮೆ, 2020ರಲ್ಲಿ, ಕೋಲುಮಂಡೆ ಪದವನ್ನು ರ‍್ಯಾಪ್ ಮಾಡಿದಾಗ ಮಾದಪ್ಪನ ಭಕ್ತರು ಆಕ್ಷೇಪಿಸಿ ವಿಡಿಯೊ ತೆಗೆಸಿದ್ದನ್ನು ಮೂರನೆಯವನು ನೆನಪಿಸಿದ. ಯಾರು ಹಾಡಬಹುದು, ಹೇಗೆ ಹಾಡಬಹುದು ಎಂಬ ವಾದವನ್ನು ಅವಧಿಯೊಳಗೆ ಮುಗಿಸುವುದು ಸಾಧ್ಯವಿರಲಿಲ್ಲ. ಮುಗಿಸಲೂ ಇಲ್ಲ.

ಹುಡುಗನ ಪ್ರಶ್ನೆಗೆ ನನ್ನ ಉತ್ತರವನ್ನು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಪಿ.ಕೆ. ರಾಜಶೇಖರರಂಥವರು ಹಳ್ಳಿ ತಿರುಗಿ ಮಾದೇಶ್ವರನ ಕಾವ್ಯವನ್ನು ಬರೆದುಕೊಂಡು ಅಚ್ಚು ಮಾಡಿಸಿದರು. ಮಂಟೇಸ್ವಾಮಿ ಕಾವ್ಯವೂ ಪುಸ್ತಕವಾಗಿದೆ, ವಿಶ್ವವಿದ್ಯಾನಿಲಯದವರು ಓದುತ್ತಾರೆ. ಅಂದರೆ ಪದ ದೂರ ಹೋಗಿದೆ, ಪದ ಹೇಳಿದವರು ಅಷ್ಟು ದೂರ ಹೋಗಿಲ್ಲ. ‘ಅದ್ಯಾಕ?’ ಎಂದು ಹುಡುಗ ಮತ್ತೆ ಕೇಳಿದ. ಅದೇ ಪ್ರಶ್ನೆಯನ್ನು ಮನೆಗೆಲಸಕ್ಕೆ ಕೊಟ್ಟೆ: ಹಾಡು ಮೇಲೆ ಬರುವುದಕ್ಕೂ ಹಾಡುವವರು ಮೇಲೆ ಬರುವುದಕ್ಕೂ ಬೇಕಾಗುವ ಸಂಗತಿಗಳು ಬೇರೆಯೇ? ಚೀಟಿಗಳ ಆಧಾರದಿಂದ ಬರೆಯಿರಿ.

ಬೇಗ ಮುಗಿಸುವವರಿಗೆಂದು ಒಂದು ಪೂರಕ ಚೀಟಿಯೂ ನನ್ನ ಬಳಿ ಇತ್ತು. ಐರ್ಲೆಂಡಿನ ಡಬ್ಲಿನ್ ನಗರದ ‘ಫಾಂಟೇನ್ಸ್ ಡಿ.ಸಿ.’ ತಂಡದ್ದು. ಸಂಗೀತ ಕಾಲೇಜಿನಲ್ಲಿ ಭೇಟಿಯಾದ ಹುಡುಗರು, ಕವಿತೆಯ ಹುಚ್ಚಿನಿಂದ ಒಟ್ಟಾದವರು. 2019ರಲ್ಲಿ ಮೊದಲ ಆಲ್ಬಂ ‘ಡಾಗ್ರೆಲ್’, ಅದೇ ವರ್ಷ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಹೆಸರು. ಅವರ ಗಾಯಕ ಹಾಡುವುದು ಡಬ್ಲಿನ್ನಿನ ಉಚ್ಚಾರದಲ್ಲೇ. ‘ಇಂಗ್ಲಿಷಲ್ಲೂ ನಮ್ಮೂರ ಮಾತು, ಪ್ಯಾಟೆ ಮಾತು ಅಂತ ಇದ್ದದಾ?’ ಎಂದು ನರಸೀಪುರದ ಹುಡುಗಿಯೊಬ್ಬಳು ಬೆರಗಾದಳು. ಭಾಷಾ ತರಗತಿಗೆ ಈ ಚೀಟಿಯೊಂದೇ ಇನ್ನೊಂದು ಅವಧಿಗೆ ಸಾಕಾಗುತ್ತದೆ. ನನಗೆ ಸಮಯವಿರಲಿಲ್ಲ.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ಕಿರುಪರೀಕ್ಷೆಯ ಮೊದಲ ನಾಲ್ಕು ಪ್ರಶ್ನೆಗಳು ಮಾಹಿತಿಯವು. ಎರಡೂ ಶಾಲೆಯವರು ಚೆನ್ನಾಗಿ ಬರೆದರು, ಅವುಗಳಿಂದ ತಿಳಿಯುವುದು ಹೆಚ್ಚಿಲ್ಲ. ಐದನೆಯದು: ‘2011ರ ಪ್ರಶಸ್ತಿಗೆ ಯಾವ ಚೀಟಿ ಅತಿ ಮುಖ್ಯ ಕಾರಣ? ಆ ಚೀಟಿ ಇಲ್ಲದಿದ್ದರೆ ಏನಾಗುತ್ತಿತ್ತು?’ ಇದಕ್ಕೆ ಸರಿಯುತ್ತರದ ಪಟ್ಟಿ ಇಟ್ಟುಕೊಳ್ಳಲಾಗದು. ಯಾವ ಚೀಟಿ ಆರಿಸಿದರೂ ಒಂದು ಅಂಕ, ಅದಿಲ್ಲದಿದ್ದರೆ ಏನು ತಪ್ಪುತ್ತಿತ್ತು ಎಂದು ತೋರಿಸಿದ್ದಕ್ಕೆ ಎರಡು, ಇನ್ನೊಂದು ಚೀಟಿ ಯಾಕಲ್ಲ ಎಂದು ಹೇಳಿದ್ದಕ್ಕೆ ಎರಡು ಎಂದು ಹಂಚಿದೆ. ಈ ಹಂಚಿಕೆಯನ್ನು ಮಕ್ಕಳಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಎಲ್ಲರೂ ಕೊನೆಯ ಚೀಟಿಯನ್ನೇ ಆರಿಸುತ್ತಾರೆ.

ಕೊನೆಯ ಬೆಂಚಿನ ಹುಡುಗ ಐದನೆಯ ಪ್ರಶ್ನೆಗೆ ಶರೀಫರ ಚೀಟಿಯನ್ನು ಆರಿಸಿದ್ದ. ಅದಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ, ‘ಬೇರೆ ಪದ ಹುಡುಕಬೇಕಾಗುತ್ತಿತ್ತು, ಹುಡುಕಿಕೊಂಡು ನಮ್ಮ ಕಡೆಗೆ ಬರುತ್ತಿದ್ದರು’ ಎಂದು ಬರೆದಿದ್ದ. ಇನ್ನೊಂದು ಚೀಟಿ ಯಾಕಲ್ಲ ಎಂಬ ಭಾಗವನ್ನು ಬಿಟ್ಟಿದ್ದ. ಐದಕ್ಕೆ ಮೂರು ಕೊಟ್ಟೆ. ಮಾರ್ಗದರ್ಶಕ ಶಿಕ್ಷಕರು ನಾಲ್ಕು ಕೊಡಬಹುದಿತ್ತು ಎಂದರು. ಈ ಹಂಚಿಕೆಯ ಪ್ರಕಾರ ಮೂರೇ ಸರಿಯೆಂದು ನನ್ನ ಅಭಿಪ್ರಾಯ. ಉತ್ತರ ಪತ್ರಿಕೆಯ ಕೆಳಗೆ, ದೊಡ್ಡಪ್ಪನ ಮೇಳಕ್ಕೂ ಇಂಥದೇ ಎಂಟು ಚೀಟಿ ಮಾಡಿಕೊಂಡು ಬಾ ಎಂದು ಬರೆದೆ. ಮುಂದಿನ ಸೋಮವಾರ ಅವನು ಹನ್ನೊಂದು ತಂದ.