ಹಾರುವ ಹಕ್ಕಿಯ ಬಾಲ ಎಲ್ಲಿ?

ಮಕ್ಕಳೇ, ಹಾರುವ ಹಕ್ಕಿಯ ಫೋಟೋ ಮಸುಕಾಗುವುದೇಕೆ? ಲೆಕ್ಕ ಹಾಕೋಣ. ಹಕ್ಕಿಯ ವೇಗ ಸೆಕೆಂಡಿಗೆ 10 ಮೀಟರ್ ಎಂದುಕೊಳ್ಳಿ. ಕ್ಯಾಮೆರಾದ ಷಟರ್ 1/50 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ 20 ಸೆಂ.ಮೀ. ಸಾಗಿರುತ್ತದೆ. 1/2000 ಸೆಕೆಂಡಾದರೆ? ಬರೀ ಅರ್ಧ ಸೆಂ.ಮೀ.! ಚಿತ್ರ ಸ್ಪಷ್ಟವಾಗಿರುತ್ತದೆ.

ಚೌಕಟ್ಟಿನಲ್ಲಿ ಹಕ್ಕಿಯ ಮುಂದೆ ಹೆಚ್ಚು ಜಾಗ ಬಿಡಿ. ಆಗ ಅದಕ್ಕೆ ಹಾರಲು ದಾರಿಯಿದೆ ಎನಿಸುತ್ತದೆ.

ಈ ನಿಯಮ ಪಾಲಿಸಲು ಹೋಗಿಯೇ ನಾನೊಮ್ಮೆ ಎಡವಿದೆ. ಕೆರೆಯ ಮೇಲೆ ಹಾರುತ್ತಿದ್ದ ಕಂದು ಹಕ್ಕಿಯೊಂದರ ಚಿತ್ರವನ್ನು ಕಂಪ್ಯೂಟರಿನಲ್ಲಿ ಅಂದಗೊಳಿಸುವಾಗ ಹಿಂದಿನ ಜಾಗದ ಜೊತೆಗೆ ಬಾಲವನ್ನೂ ಕತ್ತರಿಸಿದೆ. ‘ಹದ್ದು’ ಎಂದು ಬರೆದು ಶಾಲೆಯೊಂದರ ಗೋಡೆಗೆ ಅಂಟಿಸಿದೆ. ಏಳನೇ ತರಗತಿಯ ಹುಡುಗಿ ಕೇಳಿದಳು, “ಸರ್, ಬಾಲ ಎಲ್ಲಿ?”

ಸರಿಯಾದ ಪ್ರಶ್ನೆ! ಬೆಳೆದ ಗರುಡನ ತಲೆ ಬಿಳಿ. ಆದರೆ ಎಳೆಯ ಗರುಡ ಹದ್ದಿನಂತೆಯೇ ಕಂದು. ಬಾಲ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಹದ್ದಿನದು ತುದಿಯಲ್ಲಿ ಕವಲು, ಗರುಡನದು ದುಂಡು.

ಪುಣ್ಯಕ್ಕೆ ಮೂಲ ಚಿತ್ರ ಉಳಿದಿತ್ತು. ಅದನ್ನು ಮತ್ತೆ ತೆರೆದೆ. ಆಕಾಶದ ಬೆಳಕಿಗೆ ಎದುರಾಗಿ ತೆಗೆದದ್ದರಿಂದ ಹಕ್ಕಿ ಕಪ್ಪಾಗಿತ್ತು. ನೆರಳಿನ ಭಾಗವನ್ನಷ್ಟೇ ತಿಳಿಗೊಳಿಸಿದೆ, ಏನನ್ನೂ ಸೇರಿಸಲಿಲ್ಲ. ಬಾಲ ದುಂಡಗಿತ್ತು! ಗೋಡೆಯ ಮೇಲಿನ ಹೆಸರನ್ನು ಅವಳ ಕೈಯಲ್ಲೇ ತಿದ್ದಿಸಿದೆ.

ನೀವೂ ಚಿತ್ರದ ಪ್ರತಿಯನ್ನೇ ತಿದ್ದಿ, ಮೂಲವನ್ನು ಹಾಗೆಯೇ ಇಡಿ. ಕ್ಯಾಮೆರಾ ಇಲ್ಲವೇ? ಶಾಲೆಯ ಮೇಲೆ ಹಾರುವುದು ಹದ್ದೋ ಗರುಡವೋ, ಬಾಲ ನೋಡಿ ಚಿತ್ರ ಬರೆಯಿರಿ.