ಕಾಲ್ಚೆಂಡಾಟಗಾರನ ಜೀವನೋಪಾಯ

'ವೃತ್ತಿ' ಎಂಬ ಸಂಸ್ಕೃತ ಪದಕ್ಕೆ ನಡವಳಿಕೆಯೆಂಬ ಅರ್ಥದೊಡನೆ ಜೀವನೋಪಾಯವೆಂಬ ಅರ್ಥವೂ ಉಂಟು. ಆಟದಿಂದಲೇ ಅನ್ನ ಸಂಪಾದಿಸುವವನು ವೃತ್ತಿಪರ ಆಟಗಾರ. ಸಂತೋಷಕ್ಕಾಗಿ ಆಡುವವನು ಹವ್ಯಾಸಿ. ಇವೆರಡಕ್ಕೂ ಪೂರ್ಣವಾಗಿ ಸೇರದ ಮೂರನೆಯ ಸ್ಥಿತಿಯೊಂದು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಹುಕಾಲ ನಡೆದುಬಂದಿತು. ವಿದ್ಯಾರ್ಥಿಗಳು ಅದನ್ನು ಅರಿಯುವುದು ಉಚಿತ.

1809ರಲ್ಲಿ ಆಂಗ್ಲರ ಸೇನೆಯು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಸಮೀಪದಲ್ಲಿ ನೆಲೆಸಿತು. ಸೈನಿಕರೊಡನೆ ಬಂದ ಕಾಲ್ಚೆಂಡಾಟವು ಕ್ರಮೇಣ ಹಲಸೂರು, ಗೌತಮಪುರ, ಶಿವಾಜಿನಗರಗಳ ಮಕ್ಕಳ ಆಟವಾಯಿತು. 1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು, ಮರುವರ್ಷವೂ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಸೈನಿಕ ತಂಡಗಳ ಸ್ವತ್ತೋ ಎಂಬಂತಿತ್ತು.

ಇದೇ ಬೆಂಗಳೂರಿನಲ್ಲಿ 1926ರಲ್ಲಿ ಜನಿಸಿದವರು ಅಹಮದ್ ಖಾನ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು 1-2ರಿಂದ ಸೋತ ಭಾರತ ತಂಡದಲ್ಲಿ ಅವರಿದ್ದರು. ಅಂದು ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. 1951ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಪಡೆದ ತಂಡದಲ್ಲಿಯೂ ಅವರಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಹತ್ತು ಗೋಲು ಹೊಡೆದಾಗ ಭಾರತದ ಏಕೈಕ ಗೋಲು ಇವರದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಸೇರಿ 'ಪಂಚಪಾಂಡವ'ರೆನಿಸಿದರು. ಚೆಂಡನ್ನು ಆಡಿಸುವ ಚಮತ್ಕಾರಕ್ಕೆ ಹಾವಾಡಿಗನೆಂಬ ಬಿರುದೂ ದೊರೆಯಿತು.

ಇಷ್ಟು ಕೀರ್ತಿಯುಳ್ಳ ಆಟಕ್ಕೆ ಸಂಬಳವೆಷ್ಟು? ನಿಯಮದ ಪ್ರಕಾರ ಏನೂ ಇಲ್ಲ! ಅಂದಿನ ಒಲಿಂಪಿಕ್ ಕಟ್ಟಳೆಯಂತೆ ಹಣಕ್ಕಾಗಿ ಆಡುವವನು ಹವ್ಯಾಸಿಯಲ್ಲ. ಹವ್ಯಾಸಿಯಲ್ಲದವನಿಗೆ ಅಲ್ಲಿ ಪ್ರವೇಶವಿಲ್ಲ. ಪ್ರಯಾಣ, ಊಟ, ವಸತಿಗಳ ವೆಚ್ಚವನ್ನು ಸಂಘಗಳು ಹೊರಬಹುದಾಗಿತ್ತು. ಕಾಲುಗಳ ಬಲವು ಮೂವತ್ತೈದರ ಸುಮಾರಿಗೆ ಕುಂದುತ್ತದೆ; ಸಂಸಾರದ ಹೊರೆಯಾದರೋ ಆಗಲೇ ಹೆಚ್ಚುತ್ತದೆ.

ಈ ಕೊರತೆಯನ್ನು ನೀಗಿದ್ದು ಕಾರ್ಖಾನೆ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆಯೂ ಸ್ಥಾಪಿತವಾದವು. ಇಂಥ ಸಂಸ್ಥೆಗಳು ತಮ್ಮ ತಂಡಗಳಿಗಾಗಿ ಆಟಗಾರರನ್ನು ನೌಕರಿಗೆ ತೆಗೆದುಕೊಂಡವು. ಆಡಿದ್ದಕ್ಕೆ ಸಂಬಳವಲ್ಲ, ನೌಕರಿಗೆ ಸಂಬಳ. ಆದರೆ ನೌಕರಿ ಸಿಕ್ಕಿದ್ದು ಆಟದಿಂದ. ಆಟ ನಿಂತ ಮೇಲೂ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತಿತ್ತು. ಇದರ ಬೆಲೆಯನ್ನು ಲೆಕ್ಕದಿಂದಲೇ ತಿಳಿಯಬೇಕು. 1972ರ ಉಪದಾನ ಕಾಯಿದೆಯು ಸೇವೆಯ ಪ್ರತಿ ವರ್ಷಕ್ಕೂ ಹದಿನೈದು ದಿನಗಳ ವೇತನವನ್ನು ವಿಧಿಸಿತು. ಇಲ್ಲಿ ತಿಂಗಳಿಗೆ 26 ದಿನಗಳೆಂದು ಎಣಿಕೆ. ಕಡೆಯ ವೇತನ 2,600 ರೂಪಾಯಿ, ಸೇವೆ 30 ವರ್ಷ ಎಂದಿಟ್ಟುಕೊಂಡರೆ ದಿನಕ್ಕೆ 100ರಂತೆ 45,000 ರೂಪಾಯಿ. ಭವಿಷ್ಯನಿಧಿ ಬೇರೆ. ಈ ಮೂವತ್ತು ವರ್ಷಗಳಲ್ಲಿ ಆತ ಚೆಂಡನ್ನು ಒದ್ದದ್ದು ಹತ್ತೋ ಹನ್ನೆರಡೋ ವರ್ಷ ಮಾತ್ರ.

1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು. ಈಗಿನ ಆಟಗಾರ ಮುಚ್ಚುಮರೆಯಿಲ್ಲದೆ ವೃತ್ತಿಪರ. ಒಪ್ಪಂದದ ಹಣ ಹಿಂದಿನವರು ಕನಸಿನಲ್ಲಿಯೂ ಕಾಣದಷ್ಟು ದೊಡ್ಡದಿರಬಹುದು. ಆದರೆ ಒಪ್ಪಂದಕ್ಕೆ ಮುಕ್ತಾಯದ ದಿನಾಂಕವಿರುತ್ತದೆ, ಮೊಣಕಾಲು ಮುರಿದರೆ ಅದಕ್ಕೂ ಮುಂಚೆಯೇ ಮೈದಾನ ಮುಗಿಯಬಹುದು. ಅಹಮದ್ ಖಾನರು 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ನಿಧನರಾದರು. ಮೈದಾನವನ್ನು ಬಿಟ್ಟ ಮೇಲೆ ಅವರು ಬಾಳಿದ್ದು ಅರ್ಧ ಶತಮಾನಕ್ಕೂ ಹೆಚ್ಚು.